ಸೆರಗಿನೊಳಗಿನ ಮೈಕು

ಕೋಥರೂಡ, ಪುಣೆ
ಬುಧವಾರ, ೧೨ ಮಾರ್ಚ್ ೨೦೨೫

ಶ್ರೀ ಬಸವಲಿಂಗ ಅವರಿಗೆ, ನಿಮ್ಮ ಹೆಂಡತಿ ಶೈಲಾ ಮಾಡುವ ಶರಣು ಶರಣಾರ್ಥಿ.

ನಾನು ಇಲ್ಲಿ ಚೆನ್ನಾಗಿದ್ದೇನೆ. ನಾಗಪುರದ ಬಿಸಿಲಿನಲ್ಲಿ ನೀವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಪತ್ರ ಬರೆಯುತ್ತೇನೆ ಎಂದು ಹೇಳಿ ತಿಂಗಳಾಯಿತು, ತಡವಾದದ್ದಕ್ಕೆ ಬೇಸರ ಬೇಡ. ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಎಂದು ನಗಲೂ ಬೇಡಿ. ಫೋನಿನಲ್ಲಿ ನೀವು ‘ಹೂಂ’, ‘ನೋಡೋಣ’ ಅಂದು ಸಂಸಾರವನ್ನೇ ಮುಗಿಸಿಬಿಡುತ್ತೀರಿ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಿಮ್ಮ ಹೆಸರು ಬರೆದೇ ಶುರು ಮಾಡಿದ್ದೇನೆ, ಅದಕ್ಕೆ ನಿಮ್ಮ ತಾಯಿಯ ಅಪ್ಪಣೆಯೂ ಆಗಿದೆ. “ಬರಿಲಿಕ್ಕೆ ಅಡ್ಡಿ ಇಲ್ಲವಾ, ಬಾಯಾಗ ಬರಬಾರದು ಅಷ್ಟ” ಅಂದರು.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಯುಗಾದಿಗೆ ಬರುತ್ತೀರೋ ಇಲ್ಲವೋ? ದಸರೆಗೆ ವರ್ಗವಾಗಿ ಹೋದವರು ದೀಪಾವಳಿಗೆ ಬರಲಿಲ್ಲ. ಸಂಕ್ರಾಂತಿಗೆ ನಿಮ್ಮ ಎಳ್ಳು-ಬೆಲ್ಲ ಕೊರಿಯರಿನಲ್ಲಿ ಬಂತು. ಎರಡು ತಾಸು ಬಸ್ಸಿನಲ್ಲಿ ಕೂತು ನಾನು ಶಿರೂರಿಗೆ ಹೋದಾಗಲೆಲ್ಲ ಅತ್ತೆ, ಮಾವ ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡುತ್ತಾರೆ, ಇನ್ನೊಬ್ಬರು ಬರುವುದಿದೆಯೇನೋ ಅನ್ನುವಂತೆ. ನಾನು ನಿಮ್ಮ ಆಫೀಸಿನ ತಲೆಯ ಮೇಲೆ ಎಲ್ಲ ತಪ್ಪನ್ನೂ ಹಾಕಿ ಕೂತಿದ್ದೇನೆ. ಪಾಪದ ಆಫೀಸು, ಎಷ್ಟು ದಿನ ಹೊರುತ್ತದೆ?

ಇನ್ನು ನಮ್ಮ ಪಾಡ್‌ಕಾಸ್ಟಿನ ಸುದ್ದಿ. ಮಾತು ನನ್ನದು, ಸದ್ದಿನ ಲೆಕ್ಕಾಚಾರ ನಿಮ್ಮದು ಎಂದು ಹಂಚಿಕೊಂಡು ಶುರು ಮಾಡಿದ್ದೆವಲ್ಲ. ಚಿಕ್ಕ ಕೋಣೆಯಲ್ಲಿ ನೀವು ಜೋಡಿಸಿಟ್ಟ ದೊಡ್ಡ ಮೈಕು, ಮಿಕ್ಸರು, ವೈರುಗಳ ಗೊಂಚಲು ಎಲ್ಲ ಹಾಗೇ ಇದೆ. ಸದ್ದು ಮಾರ್ದನಿಸದಿರಲಿ ಎಂದು ಗೋಡೆಗೆ ತೂಗುಹಾಕಿದ ಅತ್ತೆಯ ಕೌದಿಗಳೂ ಇವೆ. ನೀವು ಹೋದ ಮೇಲೂ ಒಬ್ಬಳೇ ಹೇಗೋ ಎಳೆದುಕೊಂಡು ಬಂದೆ. ಈಗ ಮಾತ್ರ ಮನೆಯಲ್ಲಿ ಕೂತು ಮಾಡುವುದು ಬೇಡ, ಹೊರಗೆ ಹೋಗಿಯೇ ಮಾಡೋಣ ಅನ್ನಿಸಿದೆ. ಮನೆಯಲ್ಲಿ ಕಾಲು ನಿಲ್ಲುತ್ತಿಲ್ಲ. ಚಹಾಕ್ಕೆ ಇಟ್ಟು ಬಟ್ಟೆ ಮಡಿಚಲು ಹೋಗುತ್ತೇನೆ, ಮಡಿಚುವುದನ್ನು ಅರ್ಧಕ್ಕೆ ಬಿಟ್ಟು ಮೆಟ್ಟಿಲು ಇಳಿಯುತ್ತೇನೆ, ಇಳಿದ ಮೇಲೆ ಯಾಕೆ ಇಳಿದೆ ಎಂಬುದೇ ನೆನಪಿರುವುದಿಲ್ಲ. ಕೆಳಗಿನ ಮನೆಯ ಅಪೇಕ್ಷಾ ನನ್ನನ್ನು ನೋಡಿ, “ಶೈಲಕ್ಕ, ನಿಮ್ಮ ಕಾಲಿಗೆ ಚಕ್ರ ಉಂಟಾ?” ಎಂದು ಕೇಳಿದಳು. ಕುಂದಾಪುರದ ಕಡೆಯವರ ಮಗಳು ಅವಳು, ಕ್ಯಾಂಪ್ ಪೇಟೆಯಲ್ಲಿ ಅವಳ ಅಪ್ಪನ ಹೋಟೆಲು ಇದೆ. ನಿಮಗೆ ಗೊತ್ತಿಲ್ಲ, ಬಾಡಿಗೆಗೆ ಹೊಸದಾಗಿ ಬಂದವರು.

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಅತ್ತೆಯ ಉಳಿದ ಹಲ್ಲುಗಳನ್ನೆಲ್ಲ ಒಮ್ಮೆಲೇ ಕೀಳಬೇಕೆಂದು ಡಾಕ್ಟರು ಹೇಳಿದ್ದರು. ಅತ್ತೆಯೇ ಫೋನು ಮಾಡಿದರು. “ಹಲ್ಲ ಹ್ವಾದ ಮ್ಯಾಲ ನಿಮ್ಮ ಮಾವನ ಹೆಸರು ಬರೇ ಗಾಳಿ ಆಗ್ತದವಾ. ನನ್ನ ಒಡಪು ಹಿಡಕೊಳ್ಳೂದಿದ್ರ ಈಗ ಹಿಡಕೊ, ಆಮ್ಯಾಲ ಅಳಬ್ಯಾಡ!” ಅಂದರು. ಅವರ ಒಡಪುಗಳನ್ನು ನೀವು ಹುಟ್ಟಿದಾಗಿನಿಂದ ಕೇಳಿದ್ದೀರಿ. ಗಂಡನ ಹೆಸರನ್ನು ಬರಿದಾಗಿ ಹೇಳದೆ ಎರಡು ಸಾಲು ಕಟ್ಟಿ ಅದರೊಳಗೆ ಕೂರಿಸಿ ಹೇಳುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ಬಳಗದಲ್ಲಿ ಇಲ್ಲ. ಅದನ್ನು ಅವರ ಸ್ವಂತ ಹಲ್ಲಿನ ದನಿಯಲ್ಲೇ ಹಿಡಿಯಬೇಕು ಎಂದು ಹಟ ಹತ್ತಿತು.

ಹಾಗೆ ಅಪೇಕ್ಷಾಳನ್ನು ಜೊತೆ ಮಾಡಿಕೊಂಡು ಕ್ಯಾಂಪಿನ ಅಂಗಡಿಗೆ ಹೋದೆ. ನೀವಿದ್ದಿದ್ದರೆ ಹೊರಡುವ ಮೊದಲೇ ಇಂಥದ್ದು ಎಂದು ಗೊತ್ತುಮಾಡಿಕೊಂಡು ಹೋಗುತ್ತಿದ್ದಿರಿ. ನಾನು ಒಂದನ್ನು ಎತ್ತಿ ತೂಕ ನೋಡಿ ಇಡುತ್ತೇನೆ, ಇನ್ನೊಂದಕ್ಕೆ ಬ್ಯಾಟರಿ ಎಷ್ಟು ಹೊತ್ತು ಎಂದು ಕೇಳುತ್ತೇನೆ, ಮತ್ತೆ ಮೊದಲಿನದಕ್ಕೇ ಬರುತ್ತೇನೆ. ಅಂಗೈ ಅಗಲದ ರೆಕಾರ್ಡರು ಚೆನ್ನಾಗಿತ್ತು, ಆದರೆ ಮೇಜಿನ ಮೇಲಿಟ್ಟರೆ ಸುತ್ತಲಿನದೆಲ್ಲವನ್ನೂ ನುಂಗುತ್ತದೆ. ಅಂಗಡಿಯ ಫ್ಯಾನು, ಹೊರಗಿನ ರಿಕ್ಷಾ, ಅಪೇಕ್ಷಾಳ ಬಳೆ, ಎಲ್ಲವೂ ಅದಕ್ಕೆ ಒಂದೇ. “ನೀವು ಮೈಕ್ ತಗೊಳ್ಳಲಿಕ್ಕೆ ಬಂದದ್ದಾ, ಗಂಡು ನೋಡ್ಲಿಕ್ಕೆ ಬಂದದ್ದಾ?” ಎಂದು ಅವಳು ನಕ್ಕಳು. ಕಡೆಗೆ ಅಂಗಡಿಯವನೇ ಹುಣಸೆಬೀಜದಷ್ಟು ಚಿಕ್ಕ ಕಾಲರ್ ಮೈಕು ತೆಗೆದು, “ತಾಈ, ಹೇಚ್ ಘ್ಯಾ, ವಾಯರ್ ನಾಹೀ, ಕಾಹೀ ನಾಹೀ” ಅಂದ. ವೈರಿಲ್ಲ, ರಗಳೆಯಿಲ್ಲ, ಪರ್ಸಿನಲ್ಲಿ ಹಿಡಿಯುತ್ತದೆ. ಅದನ್ನೇ ತೆಗೆದುಕೊಂಡು ಶಿರೂರಿಗೆ ಹೋದೆ.

ಅಲ್ಲಿ ನೋಡಿ ನನ್ನ ಫಜೀತಿ. ಅಂಗಿಗೆ ಕಾಲರ್ ಇರುವವರಿಗಾಗಿ ಮಾಡಿದ ಮೈಕು ಅದು. ಅತ್ತೆಗೆ ಎಲ್ಲಿಯ ಕಾಲರು? ಸೆರಗಿಗೇ ಸಿಕ್ಕಿಸಿದೆ. ಅತ್ತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

“ಬಿಸಿ ರೊಟ್ಟಿ ಮ್ಯಾಲ ಹಾಕೀನಿ ತುಪ್ಪ,
ಸಿಟ್ಟ ಬಿಟ್ಟ ಊಟಕ್ಕ ಏಳ್ರಿ...”

ಅಲ್ಲಿಗೆ ಬಂದೊಡನೆ ಸೆರಗು ಬಾಯಿಗೆ ಹೋಯಿತು, ಜೊತೆಗೆ ಮೈಕೂ ಹೋಯಿತು. ನನ್ನ ಕಿವಿಯ ಹೆಡ್‌ಫೋನಿನಲ್ಲಿ ಬರೀ ಸರಸರ, ಬರಬರ. ಹೆಸರು ಹೇಳಿದರೋ ಬಿಟ್ಟರೋ ದೇವರಿಗೇ ಗೊತ್ತು. “ಸೆರಗು ಮುಟ್ಟಬ್ಯಾಡ್ರೀ ಅತ್ತಿ” ಅಂದೆ. ಹೂಂ ಅಂದರು, ಮತ್ತೆ ಹೆಸರಿನ ಹೊತ್ತಿಗೆ ಅದೇ. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ. ಮೊದಲ ಸಾಲು ಓಣಿಗೆಲ್ಲ ಕೇಳುವ ಹಾಗೆ, ಮಾವನ ಹೆಸರು ಬಂದರೆ ಪಿಸುಮಾತು, ಮೇಲೆ ಸೆರಗಿನ ಬಿರುಗಾಳಿ. ಮದುವೆಯಾದಾಗಿನಿಂದ ಆ ಕೈಗೆ ಅದೇ ರೂಢಿ. “ಕೈ ತಾನಾಗೇ ಹೋಗ್ತದವಾ, ನಾ ಏನ ಮಾಡ್ಲಿ?” ಎಂದು ಅವರಿಗೂ ಕಸಿವಿಸಿ. ಹೊರಗೆ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ ಮಾವ ಒಂದು ಪುಟವನ್ನೂ ತಿರುವಿರಲಿಲ್ಲ. “ಆತೇನ್ರಿ ನನ್ನ ನಾಮಕರಣ?” ಎಂದು ಅಲ್ಲಿಂದಲೇ ಕೇಳಿದರು.

ಮರುದಿನ ಮತ್ತೆ ಕ್ಯಾಂಪು. ಅಂಗಡಿಯವನಿಗೆ ಸೆರಗಿನ ಕಷ್ಟ ಹೇಳಿದೆ. ಪಾಪ, ಅವನು ಮೊದಲು ನಕ್ಕ, ಆಮೇಲೆ ತನ್ನ ಅಜ್ಜಿಯೂ ಉಖಾಣೆ, ಅಂದರೆ ಮರಾಠಿ ಒಡಪು, ಹೇಳುವಾಗ ಸೆರಗು ಬಾಯಿಗಿಡುತ್ತಾಳೆ ಎಂದು ನೆನೆಸಿಕೊಂಡ. ಕಾಲರ್ ಮೈಕನ್ನು ಹಿಂದಕ್ಕೆ ತೆಗೆದುಕೊಂಡು ಕೈಯಲ್ಲಿ ಹಿಡಿಯುವ ಮೈಕು, ಅದಕ್ಕೊಂದು ಪುಟ್ಟ ರೆಕಾರ್ಡರು ಕೊಟ್ಟ. ಕೂಗಿದರೂ ಒಡೆಯುವುದಿಲ್ಲ, ಪಿಸುಗುಟ್ಟಿದರೂ ಕಳೆಯುವುದಿಲ್ಲ, ಸದ್ದಿನ ಮಟ್ಟ ಹೊಂದಿಸುತ್ತ ಕೂರುವುದೇ ಬೇಡ. ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುತ್ತದೆ, ಆದ್ದರಿಂದ ಕರೆಂಟು ಹೋದರೂ ಚಿಂತೆಯಿಲ್ಲ. ಗಾಳಿಯ ಸದ್ದು ತಡೆಯಲು ಮೈಕಿಗೊಂದು ಸ್ಪಂಜಿನ ಟೋಪಿಯೂ ಬಂತು. ನೀವು ಒಪ್ಪುತ್ತೀರೋ ಇಲ್ಲವೋ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ, ಒಪ್ಪದಿದ್ದರೆ ಬಿಡಿ ಎಂದು ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಹೊರಟೆ. ಹೊರಟವಳು ಎಲ್ಲಿಗೆ ಹೋದೆ ಗೊತ್ತೇ? ಸ್ವಾರಗೇಟ್ ಬಸ್ ನಿಲ್ದಾಣಕ್ಕೆ! ಶಿರೂರಿನ ಬಸ್ಸು ಅಲ್ಲಿಂದ ಹಿಡಿಯುವುದಲ್ಲ ಎಂದು ನನಗೆ ಗೊತ್ತಿಲ್ಲವೇ? “ಸೊಲ್ಲಾಪುರ, ವಿಜಯಪುರ” ಎಂದು ಕಂಡಕ್ಟರು ಕೂಗುವುದು ಕಿವಿಗೆ ಬಿದ್ದಾಗ ಎಚ್ಚರವಾಯಿತು. ಹತ್ತಿ ತವರಿಗೇ ಹೋಗಿಬಿಡಲೇ ಎಂದು ಸುಮ್ಮನೆ ಒಂದಿಷ್ಟು ಹೊತ್ತು ನಿಂತಿದ್ದೆ. ಆಮೇಲೆ ಅತ್ತೆಯ ಹಲ್ಲು ನೆನಪಾಗಿ ಶಿರೂರಿನ ಬಸ್ಸು ನಿಲ್ಲುವ ಕಡೆಗೆ ರಿಕ್ಷಾ ಹತ್ತಿದೆ.

ಈ ಸಲ ಗೆದ್ದೆ. ಅತ್ತೆಯನ್ನು ಸೆರಗು ಬಿಡಿ ಎಂದು ಕಾಡಲಿಲ್ಲ. ಹೆಸರು ಬರುವ ಹೊತ್ತಿಗೆ ಸೆರಗು ಎದ್ದಿತಲ್ಲ, ನಾನೂ ಮೈಕು ಹಿಡಿದು ಅದರ ಒಳಗೆ ತಲೆ ಹಾಕಿದೆ. ಒಳಗೆ ಅವರ ಮುಖ, ನನ್ನ ಮುಖ, ನಡುವೆ ಮೈಕು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. “ಫಕೀರಪ್ಪ” ಎಂದು ಅವರು ಹೇಳಿದ್ದು ಎಷ್ಟು ಸ್ಪಷ್ಟವಾಗಿ ಬಂದಿದೆಯೆಂದರೆ, ಅದರ ಹಿಂದಿನ ಉಸಿರೂ ಕೇಳುತ್ತದೆ. ಮಾವನ ಕಿವಿಗೆ ಹೆಡ್‌ಫೋನು ಹಾಕಿ ಕೇಳಿಸಿದೆ. ಮುದುಕರು ಕಿವಿಯಿಂದ ತೆಗೆದುಕೊಡಲೊಲ್ಲರು. “ಇನ್ನೊಮ್ಮೆ ಹಚ್ಚವಾ, ನನ್ನ ಹೆಸರು ಇಷ್ಟ ಚಂದ ಅದ ಅಂತ ಗೊತ್ತಿರಲಿಲ್ಲ” ಅಂದರು. ಅತ್ತೆ ಅಡುಗೆಮನೆಗೆ ಓಡಿಹೋದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅತ್ತೆ ಹೊರಗೆ ಬಂದು ಮೈಕನ್ನೇ ಕಿತ್ತುಕೊಂಡು, “ಈಗ ನಿನ್ನ ಪಾಳಿ. ಹೇಳ ನೋಡೂಣು” ಅಂದರು. ತಪ್ಪಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಬಾಯಿಗೆ ಬಂದದ್ದು ಕಟ್ಟಿದೆ.

“ಬೇವಿನ ಹೂವು ಕೂಡ್ಯಾವ ಬೆಲ್ಲದ ಸಂಗ,
ಹಬ್ಬಕ್ಕ ಲಗೂನ ಮನಿಗೆ ಬರ್ರಿ...”

ಅಲ್ಲಿಗೇ ನಿಂತೆ. ಹೆಸರು ಹೊರಗೆ ಬರಲಿಲ್ಲ. ಅತ್ತೆ ಚಪ್ಪಾಳೆ ತಟ್ಟಿ, “ಅಯ್ಯ, ನಾಚಿಕಿ ನೋಡ ಇಕಿಗೆ! ಮನ್ಯಾಗ ದಿನಾ ಹೆಸರು ಹಿಡದ ಕರಿಯೂವಾಕಿ!” ಎಂದು ಕಾಡಿಸಿದರು. ಮಾವನೂ ನಕ್ಕರು. ನಾನೂ ನಕ್ಕೆ.

ಸೋಮವಾರ ಹಲ್ಲು ಕಿತ್ತದ್ದಾಯಿತು. ರಕ್ತ ನಿಂತಿದೆ, ಗಂಜಿ ಕುಡಿಯುತ್ತಿದ್ದಾರೆ, ಚಿಂತೆ ಬೇಡ. ಮಾತಾಡಬಾರದು ಅಂದರೂ ಕೈಸನ್ನೆಯಲ್ಲಿ ನಿಮ್ಮನ್ನೇ ಕೇಳಿದರು. ಹೊಸ ಹಲ್ಲು ಬಂದ ಮೇಲೆ ಮೊದಲು ನಿಮ್ಮ ಕೈಯ ಹೋಳಿಗೆ ತಿನ್ನುತ್ತಾರಂತೆ. ಮಾವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಲ್ಲಿ ಹೆಚ್ಚು ತಿರುಗಬೇಡಿ, ನೀರು ಕುಡಿಯುತ್ತಿರಿ. ಬಸವಣ್ಣ ಎಲ್ಲರನ್ನೂ ಚೆನ್ನಾಗಿಟ್ಟಿರಲಿ.

ಇಂತು ನಿಮ್ಮ
ಶೈಲಾ

ತಾ.ಕ. ಪಾಕೀಟು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನನಗೆ ಬಂದದ್ದು ನಾಚಿಕೆಯಲ್ಲ. ಹಿಂದಿನ ಕಂತಿಗೆ ಕೊನೆಯ ಎರಡು ಮಾತು ನಿಮ್ಮ ದನಿಯಲ್ಲಿರಲಿ ಎಂದು ಕೇಳಿದ್ದೆ, ನೀವು ಫೋನಿನಲ್ಲಿ ಹೇಳಿ ಕಳಿಸಿದ್ದಿರಿ. ಅದರಲ್ಲಿ ಫ್ಯಾನಿನ ಸದ್ದು ಭಾಳವಿತ್ತು. ನೀವೇ ಕಲಿಸಿದ ಹಾಗೆ ಚಿಕ್ಕ ಕೋಣೆಯಲ್ಲಿ ಕೂತು ಅದನ್ನು ತೆಗೆದೆ. ಫ್ಯಾನು ಹೋದ ಮೇಲೆ ಹಿಂದಿದ್ದದ್ದು ಕೇಳಿಸಿತು. ಕುಕ್ಕರಿನ ಸೀಟಿ, ಆಮೇಲೆ ಒಬ್ಬ ಹೆಂಗಸು, “ಬಸೂ, ಜೇವಣ ವಾಢಲಯ, ಯೇ ನಾ” ಎಂದು ಕರೆದದ್ದು. ಊಟಕ್ಕೆ ಬಡಿಸಿದೆ, ಬಾ ಎಂದು. ಮೆಸ್ಸಿನಲ್ಲಿ ಉಣ್ಣುತ್ತೇನೆ ಎಂದು ಹೇಳುತ್ತೀರಿ. ಮೆಸ್ಸಿನವರು ಯಾರನ್ನೂ ಹಾಗೆ ಕರೆಯುವುದಿಲ್ಲ. ಎಷ್ಟು ಸಲ ಹಾಕಿ ಕೇಳಿದೆನೋ ನನಗೇ ಗೊತ್ತಿಲ್ಲ. ಅಂದು ಮುಚ್ಚಿದ ಆ ಕೋಣೆಯ ಬಾಗಿಲನ್ನು ಇನ್ನೂ ತೆರೆದಿಲ್ಲ. ಹೊರಗೆ ಒಯ್ಯುವ ಮೈಕು ಬೇಕಾದದ್ದು ಅದಕ್ಕೇ, ಅತ್ತೆಯ ಹಲ್ಲು ನೆವ.

ಅತ್ತೆ, ಮಾವನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿಮ್ಮ ಕೆಲಸ. ಯುಗಾದಿಗೆ ಬರುತ್ತೀರೋ ಎಂದು ಕೇಳಿದ್ದು ಈಗಲೂ ನಿಜವೇ. ಆದರೆ ಬರುವ ಮೊದಲು ಒಂದು ಸಾಲು ಬರೆದು ಕಳಿಸಿ. ಅವಳ ಹೆಸರು ಏನು? ಒಡಪು ಬೇಡ, ಬರೀ ಹೆಸರು ಸಾಕು.