ಬೀಗರ ಮಾಳಿಗೆಯ ಗಾಳಿ ಮಷಿನ್

ಕೊಪ್ಪಳ
4 ಫೆಬ್ರವರಿ 2025, ಮಂಗಳವಾರ

ಮಗಳೇ ಶೈಲಾ,

ಅಪ್ಪನ ಆಶೀರ್ವಾದ. ನಾನು, ನಿನ್ನ ಅವ್ವ ಇಬ್ಬರೂ ಆರಾಮ ಇದ್ದೇವೆ. ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ಬಿಟ್ಟೆ ಅಂತ ಸಿಟ್ಟಾಗಬೇಡ. ಎತ್ತಿದ್ದರೆ ನೀನು ನಿಶ್ಚಯದ ಸೀರೆ ಯಾವ ಬಣ್ಣದ್ದು ಅಂತ ಕೇಳುತ್ತಿದ್ದೆ, ನಾನು ಏನೋ ಒಂದು ಬಣ್ಣ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಮ್ಮ ಆಫೀಸಿನ ಮುನವ್ವರನ ಮಗಳು ಖುಷ್ಬು ನಾಳೆ ಗದಗಿಗೆ, ನಿಮ್ಮ ನರ್ಸಿಂಗ್ ಹಾಸ್ಟೆಲಿಗೇ ವಾಪಸು ಬರುತ್ತಿದ್ದಾಳೆ. ಇದನ್ನು ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರದೊಳಗೆ ನೀನಿದನ್ನು ಓದಲೇಬೇಕು.

ನಾನು ಪಾರಮ್ಮನ ಮಾಳಿಗೆ ಹತ್ತತೊಡಗಿದ್ದು ನೌಕರಿಗಾಗಿ ಅಂತ ನಿನಗೆ ಗೊತ್ತು. ಹುಲಿಗಿ ರಸ್ತೆಯ ಆ ಊರಿನ ಮಗ್ಗುಲಿಗೇ ಕಾರ್ಖಾನೆ; ಅವಳ ಮಾಳಿಗೆಯ ಮೇಲೆ ನಮ್ಮ ಇಲಾಖೆಯ ಗಾಳಿ ಮಷಿನ್. ತೂಕ ಮಾಡಿದ ಬಿಳಿ ಕಾಗದ ಅದರೊಳಗೆ ಇಟ್ಟು ಬರುವುದು, ಮರುದಿನ ತೆಗೆದು ಮತ್ತೆ ತೂಗುವುದು. ಹೆಚ್ಚಾದ ತೂಕವೇ ಆ ಊರು ಉಸಿರಾಡಿದ ಧೂಳು. ಇಳಿಯುವಾಗ ಪಾರಮ್ಮ ಚಹಾ ಕೊಡುತ್ತಿದ್ದಳು. ದೀಪಾವಳಿ ಆದಮೇಲೆ ಒಂದು ದಿನ ಚಹಾದ ಜೊತೆಗೇ ಮಾತು ಎತ್ತಿದಳು, ನಿಮ್ಮ ಮಗಳನ್ನು ನಮ್ಮ ಮಗ ಕೊಟ್ರೇಶನಿಗೆ ಕೊಡ್ರಿ ಅಂತ.

ನೀನು ಹುಡುಗನ ಗಳಿಕೆ ಕೇಳಲಿಲ್ಲ, ಹೊಲ ಕೇಳಲಿಲ್ಲ. “ಅಪ್ಪಾ, ಅಲ್ಲಿ ಗಾಳಿ ಹೆಂಗೈತಿ?” ಅಂದೆ. ದಮ್ಮು ಹತ್ತಿ ತುಟಿ ನೀಲಿಯಾದ ನಿನ್ನನ್ನು ಎತ್ತಿಕೊಂಡು ದವಾಖಾನೆಗೆ ಓಡಿದವನು ನಾನು. ಆ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲವೇ? ಆದರೂ ಪಾರಮ್ಮನ ಮನೆಯಲ್ಲಿ ಅದನ್ನೇ ಹೇಳಿ ನಕ್ಕೆ, ಎಂಥಾ ಹುಡುಗಿ ನೋಡ್ರಿ ಅಂತ. ಕೊಟ್ರೇಶ ತನ್ನ ರಿಪೇರಿ ಅಂಗಡಿಯಿಂದ ತಂದ ಪಂಪಿನ ಮೋಟರು ಬಿಚ್ಚಿಕೊಂಡು ಅಲ್ಲೇ ಕೂತಿದ್ದ. ಅವನೂ ನಕ್ಕ.

ಆಮೇಲೆ ನನ್ನ ಕಾಗದಗಳು ಹಗುರಾಗುತ್ತ ಬಂದವು. ಕಾರ್ಖಾನೆಯವರಿಗೆ ಕಡೆಗೂ ಬುದ್ಧಿ ಬಂತು ಅಂದುಕೊಂಡೆ, ಖುಷಿಯಿಂದ ವರದಿಗೆ ಸಹಿ ಹಾಕಿದೆ. ಸಂಕ್ರಾಂತಿಗೆ ನಿನಗೂ ಹೇಳಿದೆ, ಗಾಳಿ ಈಗ ಛಲೋ ಐತಿ ಅಂತ. ನೀನು ಸಂಬಂಧಕ್ಕೆ ಹೂಂ ಅಂದೆ.

ಹೋದ ಗುರುವಾರ ಕಾಗದ ಇಟ್ಟು ಬಸ್ಸಿನ ತನಕ ಬಂದವನು, ಕನ್ನಡಕ ಮೇಲೆಯೇ ಬಿಟ್ಟದ್ದು ನೆನಪಾಗಿ ತಿರುಗಿ ಹೋದೆ. ಪಾರಮ್ಮ ಹಳೇ ಸೀರೆ ಒದ್ದೆ ಮಾಡಿ ಮಷಿನ್‌ಗೆ ಸುತ್ತಿ ಹಗ್ಗದಿಂದ ಬಿಗಿಯುತ್ತಿದ್ದಳು. ನನ್ನನ್ನು ನೋಡಿ ನಾಚಿಕೊಂಡಳು.

“ಎಷ್ಟು ಮಸಿ ಕೂಡತೈತ್ರಿ ಬೀಗರ, ನೋಡಾಕ ಆಗಲಿಲ್ಲ. ಹೆಣ್ಣ ಕೊಡೋರ ಸಾಮಾನು ನಮ್ಮ ಮನಿ ಮ್ಯಾಲ ಹೊಲಸ ಆಗಬಾರದಂತ ಸುತ್ತತೀನ್ರಿ. ನೀವು ಬರೂದ್ರಾಗ ಬಿಚ್ಚತೀನಿ.”

ಬೀಗತನದ ಮಾತು ನಡೆದಾಗಿನಿಂದ ಸುತ್ತುತ್ತಿದ್ದಾಳಂತೆ. ಬೈಯಲು ಬಾಯಿ ತೆರೆದವನು ಸೀರೆ ಬಿಚ್ಚಿಸಿ, ಅವಳು ಕೊಟ್ಟ ಚಹಾ ಕುಡಿದು ಬಂದೆ. ಮರುದಿನ ತೆಗೆದ ಕಾಗದ ರೊಟ್ಟಿ ಹಂಚಿನ ಹಿಂಬದಿಯ ಹಾಗೆ ಕರ್ರಗಿತ್ತು. ಮುನವ್ವರ ಅದನ್ನು ತಕ್ಕಡಿಗೆ ಇಟ್ಟು ನನ್ನ ಮುಖ ನೋಡಿದ.

ಹಳೆಯ ವರದಿ ರದ್ದು ಮಾಡಿ ಅಂತ ನಿನ್ನೆ ಮೇಲಿನವರಿಗೆ ಬರೆದೆ. ಯಾಕೆ ಅಂತಲೂ ಬರೆಯಬೇಕಾಯಿತು. ಇನ್ನು ಮಷಿನ್ ಬೇರೆ ಮಾಳಿಗೆಗೆ ಹೋಗುತ್ತದೆ. ಪಾರಮ್ಮ ಕಾರ್ಖಾನೆಯವರ ಮಾತು ಕೇಳಿ ಹೀಗೆ ಮಾಡಿದಳು ಅಂತ ಊರು ಆಡಿಕೊಳ್ಳುತ್ತದೆ. ಮನೆಯಲ್ಲಿ ನಿನ್ನ ಅವ್ವನದು ಒಂದೇ ಸಮನೆ ಜಗಳ. ದಮ್ಮು ಅಂತ ಕೇಳಿ ಎದ್ದು ಹೋದ ಸಂಬಂಧಗಳನ್ನೆಲ್ಲ ಎತ್ತಿ ಆಡುತ್ತಾಳೆ. ಆ ಊರಾಗ ಯಾರೂ ಬದುಕಿಲ್ಲೇನು, ನೀವು ಬಾಯಿ ಮುಚ್ಚಿಕೊಂಡಿರ್ರಿ ಅನ್ನುತ್ತಾಳೆ. ಅವಳದೂ ಸುಳ್ಳಲ್ಲ, ಅಲ್ಲಿಯೂ ಮಕ್ಕಳು ಬೆಳೆಯುತ್ತಿವೆ. ಆದರೆ ಅವುಗಳ ಕೆಮ್ಮು ನಾನು ಕೇಳಿದ್ದೇನೆ. ನನಗೆ ಹೆದರಿಕೆಯಾಗಿದೆ ಮಗಳೇ. ನಾನೇ ಬೇಡ ಅಂದುಬಿಡೋಣ ಅಂದರೆ, ಅವನ ಹೆಸರು ಹೇಳುವಾಗ ನೀನು ನಗುವುದನ್ನೂ ಕೇಳಿದ್ದೇನೆ.

ನೀನು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೂ ನಾನು ತಪ್ಪು ಉತ್ತರ ಕೊಟ್ಟೆ. ಅಲ್ಲಿ ಗಾಳಿ ಕೆಟ್ಟಿದೆ, ಭಾಳ ಕೆಟ್ಟಿದೆ. ಭಾನುವಾರ ಅವರು ಸೀರೆ ತಗೊಂಡು ಬರುವ ಮೊದಲು ವಿಚಾರ ಮಾಡಿ ಹೇಳು. ಬೇಡ ಅಂದರೆ ನಾನೇ ಹೋಗಿ ಪಾರಮ್ಮನಿಗೆ ಕೈ ಮುಗಿದು ಬರುತ್ತೇನೆ. ಹೂಂ ಅಂದರೆ ನಿಂತು ಮದುವೆ ಮಾಡುತ್ತೇನೆ, ಅವ್ವನ ಮುಂದೆ ಕಣ್ಣೀರು ಹಾಕುವುದಿಲ್ಲ.

ಹುಲಿಗೆಮ್ಮ ನಿನ್ನ ಉಸಿರು ಕಾಯಲಿ. ಡ್ಯೂಟಿಗೆ ಹೋಗುವಾಗ ದಮ್ಮಿನ ಪಂಪು ಚೀಲದಲ್ಲಿರಲಿ, ಮರೆಯಬೇಡ.

ನಿನ್ನ ಅಪ್ಪ,
ವಿರೂಪಾಕ್ಷಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಇವತ್ತು ಮುಂಜಾನೆ ಕೊಟ್ರೇಶ ಆಫೀಸಿಗೆ ಬಂದಿದ್ದ. ಕುರ್ಚಿ ಕೊಟ್ಟರೂ ಕೂಡಲಿಲ್ಲ. “ಮಾವಾರ, ಅವ್ವ ಸೀರಿ ಸುತ್ತಿದ ಮೊದಲನೇ ದಿನಾನ ಮಷಿನ್ ಮೋಟರಿನ ದನಿ ಕೇಳಿ ನನಗ ಗೊತ್ತಾತು, ಅದಕ್ಕ ಉಸಿರು ಕಟ್ಟೇತಿ ಅಂತ. ಅವ್ವಗ ಬ್ಯಾಡ ಅನಲಿಲ್ಲ. ಗಾಳಿ ಛಲೋ ಐತಿ ಅಂತ ಬಂದ್ರ ಶೈಲಾ ಹೂಂ ಅಂತಾಳ ಅನಿಸ್ತು,” ಅಂದ. ಅಂದು ಅತ್ತ. ಬಾಗಿಲ ತನಕ ಹೋದವನು ತಿರುಗಿ ನಿಂತು, ಅಕಿಗೆ ಮಾತ್ರ ಹೇಳಬ್ಯಾಡ್ರಿ ಅಂತ ಕೈ ಮುಗಿದ. ನಾನು ಆಗಲಿ ಅಂದೆ. ಕೊಟ್ಟ ಮಾತು ಮುರಿದು ಬರೆಯುತ್ತಿದ್ದೇನೆ.