ಎರಡನೆಯ ಹೆಸರಿನವನ ಹೇಳಿಕೆ

ಖಾಯಂ ನೇಮಕಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಸಮಿತಿ ನನಗೊಂದು ಕಾಗದ ಕಳಿಸಿ ಸಹಿ ಕೇಳಿದೆ. ನನ್ನ ಅಕ್ಕನ ಮಗಳು ಡಾ. ವಚನಾಳ ಸಂಶೋಧನಾ ಪ್ರಬಂಧದಲ್ಲಿ ಎರಡನೆಯ ಲೇಖಕನಾಗಿರುವ ನಾನು, ಆ ಕೆಲಸದಲ್ಲಿ ನನ್ನ ಪಾಲು ಏನೂ ಇಲ್ಲ ಎಂದು ಒಪ್ಪಿಕೊಳ್ಳಬೇಕಂತೆ. ಸೋಮವಾರದೊಳಗೆ ಒಪ್ಪದಿದ್ದರೆ, ಆರು ವರ್ಷದಿಂದ ನಿಮ್ಮ ವಿಶ್ವವಿದ್ಯಾಲಯದಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿರುವ ಅವಳ ಕೆಲಸ ಖಾಯಂ ಆಗುವುದಿಲ್ಲ. ಸಹಿ ಹಾಕಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ಅದಕ್ಕೇ ಊರೆಲ್ಲ ಓದಲಿ ಎಂದು ಈ ಪತ್ರ.

ನನ್ನ ಬಗ್ಗೆ ಹೇಳುವ ಅವಕಾಶವನ್ನು ನಾನು ಎಂದೂ ಬಿಟ್ಟವನಲ್ಲ. ಹೊಸದುರ್ಗದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಪಾಸು, ಅದೂ ಮೊದಲನೇ ಸಲಕ್ಕೆ. ಮೂವತ್ತೊಂದು ವರ್ಷದಿಂದ ರಾಜಾಜಿನಗರದಿಂದ ಕೆಂಗೇರಿಯವರೆಗೆ ಕೊಳವೆಬಾವಿಗಳ ಮೋಟಾರು ಎತ್ತಿ, ರಿಪೇರಿ ಮಾಡಿ, ಇಳಿಸುತ್ತಿದ್ದೇನೆ. ಯಾವ ಮನೆ, ಯಾವ ದಿನ, ಇಪ್ಪತ್ತಡಿಯ ಪೈಪು ಎಷ್ಟು ಇಳಿಯಿತು, ನೀರು ಎಷ್ಟು ಆಳಕ್ಕೆ ಸಿಕ್ಕಿತು ಎಂದು ಪ್ರತಿ ಸಲ ಬರೆದಿಟ್ಟಿದ್ದೇನೆ. ಹನ್ನೊಂದು ನೋಟುಬುಕ್ಕು. ಬಿನ್ನಿಪೇಟೆಯ ಒಂದು ಮನೆಗೆ ಮೊದಲು ಏಳು ಪೈಪು ಸಾಕಾಗುತ್ತಿತ್ತು. ಈಗ ಮೂವತ್ತೆರಡು ಬೇಕು. ಇದನ್ನೆಲ್ಲ ನನ್ನಷ್ಟು ಬಲ್ಲವನು ಈ ಕಡೆ ಇನ್ನೊಬ್ಬನಿದ್ದರೆ ತೋರಿಸಿ.

ವಚನಾ ಆ ನೋಟುಬುಕ್ಕುಗಳ ಮುಂದೆ ಎರಡು ವರ್ಷ ಕೂತಳು. ಯಾವ ಬಡಾವಣೆಯಲ್ಲಿ ಅಂತರ್ಜಲ ಯಾವ ವೇಗದಲ್ಲಿ ಇಳಿಯಿತು, ಏಕೆ ಇಳಿಯಿತು ಎಂದು ಬರೆದಳು. ಅಳೆದವನ ಹೆಸರೂ ಇರಬೇಕೆಂದು ನನ್ನ ಹೆಸರನ್ನು ತನ್ನ ಹೆಸರಿನ ಪಕ್ಕ ಹಾಕಿದಳು. ಅದೇ ಅವಳ ಅಪರಾಧ.

ನಿಮ್ಮ ನಿಯಮದಂತೆ ಬೇರೆ ಸಂಶೋಧಕರು ಈ ಪ್ರಬಂಧವನ್ನು ಇಪ್ಪತ್ತೈದು ಕಡೆಯಾದರೂ ಉಲ್ಲೇಖಿಸಿರಬೇಕು. ಉಲ್ಲೇಖಿಸಿದ್ದು ನಾಲ್ಕೇ ಕಡೆ. ಸಹಲೇಖಕನಿಗೊಂದು ಸಂಸ್ಥೆ ಇರಬೇಕು, ವಿದೇಶದ್ದಾದರೆ ಅಂಕ ದುಪ್ಪಟ್ಟು. ನನ್ನ ಸಂಸ್ಥೆ ಎಂದರೆ ಒಂದು ಸ್ಕೂಟರು, ಮೋಟಾರು ಎತ್ತುವ ಒಂದು ಮುಕ್ಕಾಲಿ, ಒಂದು ಚೈನು. ಹಾಗಾಗಿ ಸೊನ್ನೆ. ಆ ಪ್ರಬಂಧದ ಮಾತು ಕೇಳಿ ನಾಗರಬಾವಿಯ ಒಂದು ಬೀದಿಯ ಹದಿನಾರು ಮನೆಯವರು ಹೊಸ ಬೋರು ಕೊರೆಸುವುದನ್ನು ಬಿಟ್ಟು ಮಳೆನೀರು ಇಂಗಿಸತೊಡಗಿದರಲ್ಲ, ಅದನ್ನು ನಿಮ್ಮ ಯಾವ ಕಾಲಮ್ಮಿನಲ್ಲಿ ತುಂಬಬೇಕು?

ಅವಳ ವಿಭಾಗದ ಹಿರಿಯರೊಬ್ಬರು ದಾರಿ ತೋರಿಸಿದರಂತೆ. "ನನ್ನ ಹೆಸರನ್ನೂ ಸೇರಿಸಿಕೊ, ನಮ್ಮ ಗುಂಪಿನ ಆರು ಜನ ನಿನ್ನನ್ನು ಉಲ್ಲೇಖಿಸುತ್ತಾರೆ, ನೀನು ಅವರನ್ನು ಉಲ್ಲೇಖಿಸು" ಎಂದು. ಕೇಳಿ ನನಗೆ ನಗು ಬಂತು. ನಮ್ಮೂರಿನಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಾರೆ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆದರೆ ಮುಯ್ಯಾಳಿಗೆ ಬಂದವನು ಸೊಂಟ ಬಗ್ಗಿಸಿ ಕಳೆ ಕೀಳಬೇಕಿತ್ತು. ಬದುವಿನ ಮೇಲೆ ಕೂತು ಬುತ್ತಿ ಉಂಡು ಎದ್ದುಹೋದವನನ್ನು ಮತ್ತೆ ಯಾರೂ ಕರೆಯುತ್ತಿರಲಿಲ್ಲ. ನಿಮ್ಮಲ್ಲಿ ಅವನಿಗೇ ಬಡ್ತಿಯಲ್ಲವೇ? ವಚನಾ ಒಪ್ಪಲಿಲ್ಲ.

ಇಲ್ಲಿಯವರೆಗಿನ ತಪ್ಪು ನಿಮ್ಮದು. ಇನ್ನು ನನ್ನದು.

ಹೋದ ತಿಂಗಳು ವಿಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿದ್ದ ಕನ್ನಡಕದವರ ಹತ್ತಿರ ಪ್ರಬಂಧದ ವಿಷಯ ತೆಗೆದೆ. ಅವರು ಹೋಳಿಗೆ ಮುರಿಯುತ್ತಾ, "ಅದ್ರಲ್ಲಿ ನಿಮ್ಮ ಪಾಲೆಷ್ಟು ಯಜಮಾನ್ರೇ?" ಎಂದರು.

"ಪೂರ್ತಿ ನಂದೇ ಸಾರ್. ಹುಡುಗಿ ಇಂಗ್ಲಿಷ್ ಮಾಡಿದ್ಲು, ಅಷ್ಟೇ" ಎಂದೆ.

ಅವರು ನಿಮ್ಮ ಸಮಿತಿಯ ಸದಸ್ಯರೆಂದು ನನಗೇನು ಗೊತ್ತು? ಈಗ ಸಹಿಯ ಕಾಗದದ ಜೊತೆ ಬಂದ ನಿಮ್ಮ ನೋಟಿಸಿನ ಮೊದಲನೆಯ ಅಂಶ, ನಾನು ಏನೂ ಮಾಡದೆ ಹೆಸರು ಹಾಕಿಸಿಕೊಂಡಿದ್ದೇನೆ ಎಂದು. ಎರಡನೆಯ ಅಂಶ, ಎಲ್ಲವನ್ನೂ ನಾನೇ ಮಾಡಿದ್ದು, ವಚನಾ ಏನೂ ಮಾಡಿಲ್ಲ ಎಂದು ತಿಳಿದುಬಂದಿದೆ. ಎರಡೂ ಒಂದೇ ಹಾಳೆಯಲ್ಲಿ, ಒಂದೇ ಮೊಹರಿನಡಿ. ಬರೆದವರು ಓದಲಿಲ್ಲವೇ ಸ್ವಾಮಿ?

ಸಹಿ ಹಾಕಿದೆನೆಂದುಕೊಳ್ಳಿ. ಆಗ ಅಳತೆಗಳು ಯಾರವು? ಅಳೆದವನೇ ಇಲ್ಲದ ಅಂಕಿ ಕಟ್ಟುಕಥೆ ಎಂದು ಅಚ್ಚುಹಾಕಿದ ಪತ್ರಿಕೆಯವರು ಪ್ರಬಂಧವನ್ನೇ ತೆಗೆದುಹಾಕುತ್ತಾರೆ. ಹಾಕದಿದ್ದರೆ ಸೋಮವಾರ ನೀವು ಕಡತ ಮುಚ್ಚುತ್ತೀರಿ. ಬೋರಿನೊಳಗೆ ಸಿಕ್ಕಿಕೊಂಡ ಮೋಟಾರು ಹೀಗೇ: ಎಳೆದರೆ ಹಗ್ಗ ಹರಿಯುತ್ತದೆ, ಬಿಟ್ಟರೆ ತಳ ಸೇರುತ್ತದೆ.

ಮಂಟಪದಲ್ಲಿ ಆಡಿದ ಮಾತನ್ನು ವಚನಾಳಿಗೆ ಹೇಳಿಬಿಟ್ಟೆ. ಬೈದಿದ್ದರೆ ಹಗುರಾಗುತ್ತಿತ್ತು. "ಮಾವ, ನೀವು ಹಿಂಗೇ ಅಂತ ನಂಗೆ ಚಿಕ್ಕೋಳಿದ್ದಾಗ್ಲಿಂದ ಗೊತ್ತು" ಎಂದಳು. ನಿಮ್ಮ ಕಾಗದವನ್ನು ಮಡಚಿ ನನ್ನ ಜೇಬಿಗೆ ತುರುಕಿದಳು. "ಸಹಿ ಮಾತ್ರ ಹಾಕ್ಬೇಡಿ. ಹಾಕಿದ್ರೆ ನಾನು ಸುಳ್ಳು ಬರ್ದಂಗಾಗತ್ತೆ."

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸೋಮವಾರ ನಮ್ಮಿಬ್ಬರನ್ನೂ ಸಮಿತಿಯ ಮುಂದೆ ಕರೆಯಿರಿ. ನೋಟುಬುಕ್ಕಿನ ಯಾವ ಪುಟವನ್ನಾದರೂ ತೆರೆದು, ಆ ಮನೆಗೆ ಎಷ್ಟು ಪೈಪು ಎಂದು ನನ್ನನ್ನು ಕೇಳಿ. ನೋಡದೆ ಹೇಳುತ್ತೇನೆ. ಆಮೇಲೆ, ಅಲ್ಲಿ ನೀರು ಏಕೆ ಇಳಿಯಿತು, ಪಕ್ಕದ ಬೀದಿಯಲ್ಲಿ ಏಕೆ ಉಳಿಯಿತು ಎಂದು ಕೇಳಿ. ಮೂವತ್ತೊಂದು ವರ್ಷದಲ್ಲಿ ನನ್ನ ಬಾಯಿಂದ "ಗೊತ್ತಿಲ್ಲ" ಎಂಬ ಮಾತು ಕೇಳಿದ ಗಿರಾಕಿ ಒಬ್ಬನೂ ಇಲ್ಲ. ನಿಮ್ಮೆಲ್ಲರ ಮುಂದೆ, ಆ ಕನ್ನಡಕದವರಿಗೂ ಕೇಳಿಸುವ ಹಾಗೆ, ಗೊತ್ತಿಲ್ಲ ಎನ್ನುತ್ತೇನೆ.

ಆಗ ಅವಳನ್ನು ಕೇಳಿ.

ಇಂತಿ,
ಸಂಸ್ಥೆಯೂ ಇಲ್ಲದ, ಬಾಯಿಗೆ ಬೀಗವೂ ಇಲ್ಲದ ಸಹಲೇಖಕ,
ಚನ್ನಮಲ್ಲಪ್ಪ
ಅನ್ನಪೂರ್ಣೇಶ್ವರಿ ನಗರ