ಮಂಚದ ಕೆಳಗಿನ ಬ್ಯಾಟರಿಗಳು

ಪರ್ವರಿ, ಗೋವಾ
೧೫ ಏಪ್ರಿಲ್ ೨೦೧೧, ಶುಕ್ರವಾರ

ಪ್ರೀತಿಯ ತಮನ್ನಾಳ ಅಬ್ಬಾ ಅವರಿಗೆ ಶಮಶಾದಳ ಸಲಾಂ.

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಷಾರ್ಜಾದ ಆ ಎಸಿ ಕೋಣೆಯಲ್ಲಿ ಬರಿನೆಲದ ಮೇಲೆ ಮಲಗಬೇಡಿ ಎಂದು ಎಷ್ಟು ಬಡಿದುಕೊಂಡರೂ ನೀವು ಕೇಳುವ ಪೈಕಿಯವರಲ್ಲ. ಅಲ್ಲಾಹನ ದಯೆಯಿಂದ ನಾವಿಬ್ಬರೂ ಆರಾಮ. ಸೆಕೆಗೆ ಮಗಳ ಕತ್ತಿನ ತುಂಬ ಬೆವರುಸಾಲೆ ಎದ್ದಿದೆ, ಅಷ್ಟೇ. ಫೋನು ಬಂದಾದದ್ದಕ್ಕೆ ನೀವು ಹೆದರಿರಬೇಕು. ಬೂತಿನಿಂದ ಮಾಡಿದ್ದೆನಲ್ಲ, ಆದರೆ ಹಿಂದೆ ಸಾಲು ನಿಂತವರು ಕಿವಿ ನಿಮಿರಿಸಿಕೊಂಡಿರುವಾಗ “ಆರಾಮ ಅದೀವ್ರಿ” ಎನ್ನುವುದು ಬಿಟ್ಟು ಬೇರೆ ಮಾತು ಹೊರಡಲಿಲ್ಲ. ದಾವಲಮಲಿಕನ ಭಾವ ನಾಳೆ ನಿಮ್ಮ ಕಡೆಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಕಂಪನಿಯವರು ಇನ್ನೆರಡು ವರ್ಷಕ್ಕೆ ಸಹಿ ಹಾಕು ಅನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದಿರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬ್ಯಾಟರಿಯ ಪುರಾಣ ಕೇಳಿ.

ನಮ್ಮ ಫೋನಿನ ಹಿಂದಿನ ಮುಚ್ಚಳ ತಾನಾಗಿಯೇ ಎದ್ದುಕೊಂಡಿತ್ತು. ದಾವಲಮಲಿಕನಿಗೆ ಒಯ್ದು ತೋರಿಸಿದೆ. ನೀವು ಬಿಟ್ಟುಹೋದ ರಿಪೇರಿ ಅಂಗಡಿಯಲ್ಲಿ ಈಗ ಅವನೇ ಕೂರುತ್ತಾನೆ. ಥೇಟ್ ನಿಮ್ಮ ಹಾಗೆಯೇ ಬ್ಯಾಟರಿಯನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ತಿರುವಿದ. ಅದು ಬುಗುರಿಯಂತೆ ಗಿರಗಿರ ತಿರುಗಿತು. “ತಿರಗತಂದ್ರ ಉಬ್ಬೇತಿ ಅಂತನ ಭಾಬಿ. ಇನ್ನ ಚಾರ್ಜಿಗೆ ಹಾಕಬ್ಯಾಡ್ರಿ,” ಎಂದ. ಆ ಹಳೇ ಫೋನಿಗೆ ಕಂಪನಿಯ ಬ್ಯಾಟರಿ ಈಗ ಸಿಗುವುದಿಲ್ಲವಂತೆ, ಡೂಪ್ಲಿಕೇಟ್ ಕೊಡಲು ಬಂದ. ಡೂಪ್ಲಿಕೇಟ್ ಹಾಕುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡವರು ನೀವೇ ಅಲ್ಲವೇ? ಫೋನು ಹೋಯಿತು, ಶುಕ್ರವಾರದ ನಿಮ್ಮ ಮಾತೂ ಹೋಯಿತು. ಗೋಡೆಯ ಚಾರ್ಜರಿಗೆ ಸಿಕ್ಕಿಸಿದ ಆ ಫೋನನ್ನೇ ಮಗಳು ‘ಅಬ್ಬಾ’ ಎಂದು ಕರೆಯುತ್ತಿದ್ದಳು. ಇವತ್ತೂ ಶುಕ್ರವಾರ. ನಮಾಜಿನ ಹೊತ್ತು ಮುಗಿದ ಮೇಲೆ ಸುಮ್ಮನೆ ಕೂತಿದ್ದೆ, ಮನೆ ಭಣಭಣ ಅನ್ನುತ್ತಿತ್ತು.

ಅಂಗಡಿಯಲ್ಲಿ ತಮನ್ನಾ ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದಳು. ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದೆ, ಇವಳ ಸದ್ದೇ ಇಲ್ಲ. ಮಕ್ಕಳು ಸುಮ್ಮನಿದ್ದರೆ ಏನೋ ಕಿತಾಪತಿ ನಡೆದಿದೆ ಎಂದೇ ಲೆಕ್ಕ. ಹೋಗಿ ನೋಡುತ್ತೇನೆ, ಮಂಚದ ಕೆಳಗಿನ ನಿಮ್ಮ ಬಿಸ್ಕೀಟಿನ ಡಬ್ಬಿ ಎಳೆದಿದ್ದಾಳೆ! ಅಂಗಡಿ ಬಿಟ್ಟುಕೊಡುವಾಗ ನೀವು ತಂದಿಟ್ಟ ಸತ್ತ ಬ್ಯಾಟರಿಗಳೆಲ್ಲ ನೆಲದ ಮೇಲೆ. ಒಂದೊಂದನ್ನೇ ತಿರುವಿ “ಅಮ್ಮಿ, ಬುಗುರಿ!” ಎಂದು ಕುಣಿಯುತ್ತಿದ್ದಾಳೆ. ಒಂದಂತೂ ಪೂರಿಯ ಹಾಗೆ ಉಬ್ಬಿತ್ತು, ಉಗುರುಬಣ್ಣದಂಥ ಸಿಹಿ ವಾಸನೆ ಬರುತ್ತಿತ್ತು. ಅವಳಿಗೆ ಒಂದು ಏಟು ಕೊಟ್ಟೆ, ಕೈ ತೊಳೆಸಿದೆ, ಆಮೇಲೆ ತಬ್ಬಿಕೊಂಡು ಅವಳಿಗಿಂತ ಹೆಚ್ಚು ನಾನೇ ಅತ್ತೆ. ಏನಾದರೂ ಆಗಿದ್ದರೆ ಕೂಗಿದರೆ ಓಡಿಬರಲು ಈ ಮನೆಯಲ್ಲಿ ಯಾರಿದ್ದಾರೆ ಹೇಳಿ?

“ಕಸದ ಗಾಡಿಗೆ ಒಗದ ಬಿಡ್ರಿ,” ಎಂದು ದಾವಲಮಲಿಕನ ಉಪದೇಶ. ನಮ್ಮ ಓಣಿಯ ಮೂಲೆಯಲ್ಲಿ ಕಸಕ್ಕೆ ಬೆಂಕಿ ಹಾಕುವುದು ಅವನಿಗೆ ಗೊತ್ತಿಲ್ಲವೇ? “ಆ ಕಸಾ ಆರಿಸೋರಿಗೆ ಮಕ್ಕಳು ಮರಿ ಇಲ್ಲೇನೋ?” ಎಂದೆ. ನೀವು ಅಂಗಡಿಯಲ್ಲಿ ಗಿರಾಕಿಗಳಿಗೆ ಬೈಯುತ್ತಿದ್ದುದು ನೆನಪಿತ್ತು: “ಉಬ್ಬಿದ್ದಕ್ಕ ಸೂಜಿ ಚುಚ್ಚಬ್ಯಾಡ್ರಿ, ಒತ್ತಬ್ಯಾಡ್ರಿ.” ಒಂದೊಂದರ ಹೊಳೆಯುವ ತುದಿಗೂ ಟೇಪು ಸುತ್ತಿದೆ. ಎದುರಿನ ಕಟ್ಟಡದ ಕೆಲಸದವರ ಹತ್ತಿರ ಒಣ ಉಸುಕು ಬೇಡಿ ತಂದು, ಮಣ್ಣಿನ ಗಡಿಗೆಯಲ್ಲಿ ಬ್ಯಾಟರಿಗಳನ್ನೆಲ್ಲ ಹುಗಿದು ಹೊರಗೆ ಮೆಟ್ಟಿಲ ಹತ್ತಿರ ನೆರಳಿನಲ್ಲಿಟ್ಟೆ. ನಮ್ಮ ಫೋನಿನದೂ ಅದರಲ್ಲೇ.

ಪಣಜಿಯ ಸರ್ವಿಸ್ ಸೆಂಟರ್‌ನಲ್ಲಿ ಹಳೆಯ ಬ್ಯಾಟರಿ ತೆಗೆದುಕೊಳ್ಳುತ್ತಾರೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಮಗಳನ್ನೂ ಗಡಿಗೆಯನ್ನೂ ಎತ್ತಿಕೊಂಡು ಬಸ್ಸು ಹತ್ತಿದೆ. ಗಡಿಗೆಯಲ್ಲಿ ಮೀನಿದೆಯೆಂದುಕೊಂಡು ಕಂಡಕ್ಟರ್ “ನುಸ್ತೆಂ?” ಎಂದು ಮೂಗು ಹಿಗ್ಗಿಸಿದ. ನನಗೋ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಕೌಂಟರಿನ ಹುಡುಗಿ ಬೆಳಗಾವಿ ಕಡೆಯವಳು, ನೋಡಿದವಳೇ “ಉಬ್ಬಿದ್ದು ತಗೊಳ್ಳಂಗಿಲ್ರಿ” ಎಂದಳು. “ಹಂಗಾರ ನಾನೂ ಏಳಂಗಿಲ್ಲ” ಎಂದು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ. ಕಡೆಗೆ ಒಳಗಿನಿಂದ ಅವಳ ಸಾಹೇಬರು ಬಂದು, ಕೈಗವಸು ತೊಟ್ಟು, ಉಸುಕಿನ ಸಮೇತ ಬೇರೆ ಡಬ್ಬಕ್ಕೆ ಹಾಕಿಸಿಕೊಂಡರು. ಒಡೆದು ಒಳಗಿನ ಲೋಹ ತೆಗೆಯುವ ಕಾರ್ಖಾನೆಗೆ ಹೋಗುತ್ತದಂತೆ. ಆಗ ಆ ಹುಡುಗಿ ಮೆಲ್ಲಗೆ, “ಇಷ್ಟ ದಿನಾ ಮನ್ಯಾಗ ಯಾಕ ಇಟ್ಕೊಂಡಿದ್ರಿ ಅಕ್ಕಾರ?” ಎಂದು ಕೇಳಿದಳು.

ಖಾಲಿ ಗಡಿಗೆ ಎತ್ತಿಕೊಂಡು ಎದ್ದೆ. “ಯಾರಿಗೂ ಕೊಡಬ್ಯಾಡ, ನಾ ಬಂದು ನೋಡ್ತೀನಿ,” ಎಂದು ಹೇಳಿ ಹೋಗಿದ್ದಿರಿ. ಕಸ ಗುಡಿಸುವಾಗ ಆ ಡಬ್ಬಿಗೆ ಪೊರಕೆ ತಾಗಿದಾಗಲೆಲ್ಲ, ಇದನ್ನು ನೋಡಲಾದರೂ ಬಂದೇ ಬರುತ್ತಾರೆ ಎಂದುಕೊಳ್ಳುತ್ತಿದ್ದೆ. ಹುಚ್ಚು ಹೆಂಗಸು, ನಗಬೇಡಿ. ಬರುವಾಗ ಬಸ್ಸಿನಲ್ಲಿ ಖಾಲಿ ಗಡಿಗೆ ಹಿಡಿದು ಮಾಂಡವಿ ಹೊಳೆಯ ಸೇತುವೆ ದಾಟುವ ತನಕ ಅತ್ತೆ. ನಿಮ್ಮ ಮೇಲೆ ಸಿಟ್ಟೂ ಬಂದಿತ್ತು.

ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ, ಕೋಣೆಯವರಿಗೆಲ್ಲ ಹಂಚಿ ದೊಡ್ಡಸ್ತಿಕೆ ತೋರಿಸಬೇಡಿ. ದಾವಲಮಲಿಕನ ಮನೆಯವರೆಲ್ಲ ಸಲಾಂ ಹೇಳಿದ್ದಾರೆ. ಅಲ್ಲಾಹ್ ನಿಮ್ಮನ್ನು ಸುಖವಾಗಿಡಲಿ.

ನಿಮ್ಮ
ಶಮಶಾದ

ತಾ.ಕ.: ದಾವಲಮಲಿಕ ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಭಾವನ ಕೈಯಲ್ಲಿ ಅಬ್ಬಾಗೆ ಏನು ಹೇಳಿ ಕಳಿಸಲಿ ಎಂದು ಅವನು ತಮನ್ನಾಳನ್ನು ಕೇಳಿದ. ಅವಳು ಗೋಡೆಯ ಚಾರ್ಜರಿಗೆ ಕೈ ತೋರಿಸಿ ಹೇಳುತ್ತಾಳೆ: “ಅಬ್ಬಾ ಇಲ್ಲ. ಅಮ್ಮಿ ಪಣಜ್ಯಾಗ ಕೊಟ್ಟ ಬಂದಾಳ.” ಹೊಸ ಫೋನು ಕಳಿಸಬೇಡಿ. ಕಂಪನಿಯ ಆ ಕಾಗದಕ್ಕೆ ಸಹಿ ಹಾಕಬೇಡಿ. ಮನೆಗೆ ಬನ್ನಿ.